ಅಜ್ಜಿಯ ಕಾಗದದ ಮಾಲೆ, ಲಾರಿಯ ಕೆಂಪು ಪೈಪು

ಚಾಲಕರನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬ ಬಂತೆಂದರೆ ನಮ್ಮ ಘಾಟಿಯ ಲಾರಿಗಳೆಲ್ಲ ಮದುವಣಗಿತ್ತಿಯರು. ತೊಳೆದು, ಬಲೂನು ಕಟ್ಟಿ, ಮನೆಮಂದಿಯನ್ನು ಕೂರಿಸಿಕೊಂಡು ಸಾಲಾಗಿ ಊರಿಗೆ ಇಳಿದರೆ ಪಾದ್ರಿಗಳು ತೀರ್ಥ ಚಿಮುಕಿಸಿ ಹರಸುತ್ತಾರೆ. ಈ ಸಲ ಎಂಬತ್ತೊಂದು ವರ್ಷದ ನಮ್ಮಜ್ಜಿ ತ್ರಾನ್ಸಿತೊ, ಅಪ್ಪನ ಪಕ್ಕದ ಸೀಟಿನಲ್ಲಿ ಕೂರುವವಳಿದ್ದಳು. ಅದಕ್ಕೆಂದೇ ತಿಂಗಳು ಕೂತು, ನೈಲಾನ್ ಹಗ್ಗಕ್ಕೆ ಕಾಗದದ ಹೂ ಪೋಣಿಸಿದ್ದಳು.

ಅಪ್ಪ ಎಲಿಯೆಸೆರ್ ಆ ಮಾಲೆಯನ್ನು ಮುಂದಿನ ಎಂಜಿನ್ ಗಾಡಿಯ ಬೆನ್ನಿನಿಂದ ಅದು ಎಳೆಯುವ ಟ್ರೈಲರಿನ ಹಣೆಯವರೆಗೆ ಎಳೆದು, ನಡುವೆ ತೂಗುವ ಕೆಂಪು, ನೀಲಿ ಗಾಳಿ ಪೈಪುಗಳಿಗೂ ಸುತ್ತಿ ಗಂಟು ಹಾಕಿದ. ಟ್ರೈಲರಿನ ಬ್ರೇಕಿಗೆ ಆ ಪೈಪುಗಳ ಗಾಳಿಯೇ ಉಸಿರು.

ಪಕ್ಕದ ಟೈರ್ ಅಂಗಡಿಯ ನೂಬಿಯಾ ಬಂದಳು. ಜ್ಞಾನಸ್ನಾನದಲ್ಲಿ ನನ್ನನ್ನು ಎತ್ತಿಕೊಂಡವಳು ಅವಳೇ. ಅದಕ್ಕೇ ಅವಳಿಗೆ ಅಪ್ಪ ಕೊಂಪಾದ್ರೆ, ಅಪ್ಪನಿಗೆ ಅವಳು ಕೊಮಾದ್ರೆ.

“ಕೊಂಪಾದ್ರೆ, ಗಾಡಿ ಸುತ್ತ ಒಂದ್ ಸುತ್ತು ಬಂದ್ರಾ?”

“ಬಲೂನು ಕಟ್ಟೋವಾಗ ಹತ್ತು ಸುತ್ತು ಬಂದೆ ಕೊಮಾದ್ರೆ.”

“ಬಲೂನು ನೋಡಿದ್ರಿ. ಗಾಡಿ ನೋಡಿದ್ರಾ?”

“ಇಪ್ಪತ್ತೆರಡು ವರ್ಷ ಓಡಿಸಿದೀನಿ. ಇದು ಕೆಮ್ಮಿದ್ರೂ ನಂಗೆ ಗೊತ್ತಾಗುತ್ತೆ. ಮಿಕ್ಕಿದ್ದು ಆ ತಾಯಿ ನೋಡ್ಕೋತಾಳೆ.”

“ತಾಯಿಗೆ ಇವತ್ತು ನೂರಾರು ಲಾರಿ ಇದಾವೆ, ನಿಮ್ಮದನ್ನ ನೀವೂ ಸ್ವಲ್ಪ ನೋಡಿ. ಆ ಮಾಲೆ ಬಿಚ್ಚಿ, ತಿರುವಿನಲ್ಲಿ ಪೈಪು ಕಿತ್ಕೊಂಡು ಬರುತ್ತೆ.”

ಅಜ್ಜಿಯ ಮುಖ ಸಣ್ಣದಾಯಿತು.

“ಕಿತ್ರೆ ಒಳ್ಳೇದೇ ಆಯ್ತಲ್ಲ,” ಅಪ್ಪ ನಕ್ಕ. “ಕೆಂಪು ಪೈಪಿನ ಗಾಳಿ ಇರೋವರೆಗೆ ಮಾತ್ರ ಟ್ರೈಲರಿನ ಬ್ರೇಕು ಬಿಟ್ಕೊಂಡಿರುತ್ತೆ, ಗಾಳಿ ಹೋದ್ರೆ ತಾನಾಗೇ ಕಚ್ಕೊಳ್ಳುತ್ತೆ.”

“ಎಲ್ಲಿ ಕಚ್ಕೊಳ್ಳುತ್ತೆ? ಇಳಿಜಾರಲ್ಲಿ. ಹಿಂದಿನ ಚಕ್ರ ಎಲ್ಲಾ ಒಟ್ಟಿಗೆ ನಿಂತ್ರೆ ಟ್ರೈಲರು ಬಾಲ ಬೀಸುತ್ತೆ. ಪಕ್ಕದಲ್ಲಿ ನಿಮ್ಮಮ್ಮ ಕೂತಿರ್ತಾರೆ.”

ಅಪ್ಪನ ನಗು ನಿಂತಿತು. ಸೋಲಲು ಮಾತ್ರ ಮನಸ್ಸಿಲ್ಲ. “ಈಗ ಎಷ್ಟು ಸಡಿಲವಾಗಿದೆ ನೋಡಿ.”

“ಈಗ ಗಾಡಿ ನೇರ ನಿಂತಿದೆ. ನಮ್ಮ ಘಾಟಿ ನೇರ ಇದೆಯಾ? ಇಲ್ಲೇ ಅಂಗಳದಲ್ಲಿ ಒಂದು ತಿರುವು ತಗೊಳ್ಳಿ, ಮೆಲ್ಲಗೆ.”

ಅಪ್ಪ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಮೆಯಂತೆ ಸರಿದ. ಎಂಜಿನ್ ಗಾಡಿ ಒಂದು ಕಡೆ ಹೊರಳಿದಂತೆ ಇನ್ನೊಂದು ಕಡೆಯ ಸಂದು ಬಾಯಿ ತೆರೆಯಿತು. ಮಾಲೆ ಬಿಗಿಯಿತು, ಕೆಂಪು ಪೈಪು ಜಗ್ಗಿತು, ಅದರ ಬುಡದಿಂದ ಹಾವು ಬುಸುಗುಟ್ಟಿದಂಥ ಸದ್ದು ಬಂತು. ನೂಬಿಯಾ ಕೈ ಎತ್ತಿದಳು. ಅಪ್ಪ ನಿಲ್ಲಿಸಿದ.

ಅಜ್ಜಿ ಮಾಲೆಯನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ನಮ್ಮಪ್ಪ ಇದೇ ಘಾಟೀಲಿ ಹೇಸರಗತ್ತೆ ಮೇಲೆ ಕಾಫಿ ಮೂಟೆ ಇಳಿಸ್ತಿದ್ದ. ದಿನಾ ಹೊಟ್ಟೆಪಟ್ಟಿ ಕೆಳಗೆ ಬೆರಳು ತೂರಿಸಿ ನೋಡೋನು. ನಾಲ್ಕು ಗೊರಸೂ ಎತ್ತಿ ನೋಡೋನು. ಆಮೇಲೆ ಶಿಲುಬೆ ಗುರುತು. ನೀನು ಗುರುತು ಒಂದೇ ಕಲ್ತೆ ಮಗನೇ.”

ನನ್ನ ಕಡೆ ತಿರುಗಿ, “ಕತ್ತರಿ ತಾ,” ಅಂದಳು. ತನ್ನ ಕೈಯಾರೆ ಮಾಲೆಯನ್ನು ನಡುವೆ ಕತ್ತರಿಸಿದಳು. ಒಂದು ತುಂಡು ಎಂಜಿನ್ ಗಾಡಿಗೆ, ಇನ್ನೊಂದು ಟ್ರೈಲರಿಗೆ, ದೀಪ ಮುಚ್ಚದ ಹಾಗೆ.

ನೂಬಿಯಾ ಪೈಪಿನ ಬಾಯಿಯ ಹಳೇ ರಬ್ಬರು ಬದಲಿಸಿದಳು. ಎಂಜಿನ್ ಆರಿಸಿ ಎಲ್ಲರೂ ಕಿವಿಗೊಟ್ಟೆವು, ಬುಸುಗುಟ್ಟುವ ಸದ್ದಿಲ್ಲ. ಅಪ್ಪ ಟಾರ್ಚು ಹಿಡಿದು ಕೆಳಗೆ ನುಸುಳಿ, ಟ್ರೈಲರಿನ ಅಡಿಯ ದಪ್ಪ ಗೂಟವನ್ನು ಎಂಜಿನ್ ಗಾಡಿಯ ಕೊಂಡಿ ಸುತ್ತಲೂ ಕಚ್ಚಿದೆಯೇ, ಎರಡರ ನಡುವೆ ಸಂದು ಉಳಿದಿಲ್ಲ ತಾನೇ ಎಂದು ನೋಡಿದ. ಆಮೇಲೆ ಹತ್ತಿ ಕೂತು, ಟ್ರೈಲರಿನ ಬ್ರೇಕು ಹಾಕಿಯೇ ಎಂಜಿನ್ ಗಾಡಿಯನ್ನು ಮುಂದಕ್ಕೆ ಮೆಲ್ಲಗೆ ಜಗ್ಗಿದ. ಕೊಂಡಿ ಬಿಡಲಿಲ್ಲ. ಟೈರು, ನಟ್ಟುಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಅಜ್ಜಿ ಮುಂದೆ ಕೂತು ಬ್ರೇಕು ಒತ್ತಿದಳು. ಹಿಂದೆ ನಿಂತ ನಾನು, “ದೀಪ ಉರೀತಿದೆ ಅಜ್ಜಿ,” ಅಂದೆ.

“ನನ್ನ ಮಾಲೆಗಿಂತ ಚೆಂದ ಇದೆಯಾ?”

“ಅಷ್ಟಿಲ್ಲ.”

ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಇಳಿಜಾರು ಶುರುವಾಗುವ ಮೊದಲೇ ಅಪ್ಪ ಕೆಳಗಿನ ಗೇರಿಗೆ ಹಾಕಿದ. ಡೀಸೆಲ್ ಉಳಿಸಲು ಕೆಲವರು ಇಳಿಜಾರಲ್ಲಿ ನ್ಯೂಟ್ರಲ್ ಮಾಡುತ್ತಾರೆ, ಅಪ್ಪ ಮಾಡಲಿಲ್ಲ. ಊರಲ್ಲಿ ತೀರ್ಥ ಚಿಮುಕಿಸಲು ಬಂದ ಪಾದ್ರಿಗಳಿಗೆ ಅಜ್ಜಿ ಕಿಟಕಿಯಿಂದ ಹೇಳಿದಳು: “ಕೆಳಗಡೆಯೆಲ್ಲ ನಾವು ನೋಡಿದೀವಿ ಸ್ವಾಮಿ. ಮೇಲ್ಗಡೆ ನೀವು ನೋಡ್ಕೊಳ್ಳಿ.”

ಟ್ರೈಲರ್ ಎಳೆಯುವ ಅಣ್ಣಂದಿರೇ, ಅಕ್ಕಂದಿರೇ, ಹೊರಡುವ ಮುನ್ನ ಪ್ರತಿ ಸಲವೂ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಕೊಂಡಿ, ಪೈಪು, ಬ್ರೇಕು, ಟೈರು, ದೀಪ ನೋಡಿ. ಎಂಜಿನ್ ಗಾಡಿಗೂ ಟ್ರೈಲರಿಗೂ ನಡುವೆ ಏನನ್ನೂ ಕಟ್ಟಬೇಡಿ. ಮನೆಯವರೇ, ಊಟದ ಡಬ್ಬಿ ಕೈಗೆ ಕೊಡುವ ಮೊದಲು ನೀವೂ ಒಂದು ಮಾತು ಕೇಳಿ: “ಗಾಡಿ ನೋಡಿದ್ರಾ?”