ರಿಪೇರಿ ಬೇಡ ಎಂದ ಹುಡುಗಿ

ಒಂದೇ ತಿಂಗಳಲ್ಲಿ ಮೂರನೇ ಸಲ ಅದೇ ಫೋನು ರಿಪೇರಿ ಅಂಗಡಿಗೆ ಬಂದಿತ್ತು. ಮೊದಲು ಗಾಜು ಒಡೆದಿತ್ತು, ಆಮೇಲೆ ಚಾರ್ಜರ್ ತೂತಿನಲ್ಲಿ ಗುಂಡುಸೂಜಿ ಮುರಿದಿತ್ತು, ಈಗ ಒಳಗೆಲ್ಲ ನೀರು.

"ಇವಳ ಕೈಗೆ ಕೊಟ್ಟಿದ್ದು ಯಾವುದು ಉಳಿದಿದೆ ಹೇಳಿ ಅಕ್ಕ," ಎಂದು ಗೊಣಗಿದ ತಾಯಿ, ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೊತ್ತಾಯಿತೆಂದು ಹದಿಮೂರರ ಮಗಳನ್ನು ಅಲ್ಲೇ ಕೂರಿಸಿ ಓಡಿದಳು.

ರಿಪೇರಿಯಾಕೆ ಈ ಕಸುಬಿನಲ್ಲೇ ತಲೆ ನರೆಸಿಕೊಂಡವಳು. ತಾನಾಗಿ ಬಿದ್ದ ಫೋನು ಯಾವುದು, ಬೇಕೆಂದೇ ಬೀಳಿಸಿದ್ದು ಯಾವುದು ಎಂದು ನೋಡಿದೊಡನೆ ಹೇಳಬಲ್ಲಳು. ಒಳಭಾಗವನ್ನು ಬಿಚ್ಚಿ ಒಣಗಿಸುತ್ತಿದ್ದಾಗ ಹುಡುಗಿ ಮೆಲ್ಲಗೆ ಹತ್ತಿರ ಬಂದಳು.

"ಆಂಟಿ, ಇದು ಆಗಲ್ಲ ಅಂತ ಅಮ್ಮಂಗೆ ಹೇ-ಹೇಳಿಬಿಡಿ."

"ಯಾಕೆ ಪುಟ್ಟಿ?"

ಅವಳು ಬಾಯಿ ಬಿಡುವ ಮೊದಲೇ ಫೋನಿಗೆ ಜೀವ ಬಂತು. ಮೆಸೇಜುಗಳು ಒಂದರ ಮೇಲೊಂದು ಸುರಿದವು. ಎಲ್ಲವೂ 'ತತತ ರೇಡಿಯೋ' ಎಂಬ ಗ್ರೂಪಿನವು. ಶಾಲೆಯ ಭಾಷಣದಲ್ಲಿ ಅವಳು ತೊದಲಿದ್ದನ್ನು ಯಾರೋ ವಿಡಿಯೊ ಮಾಡಿ, ತೊದಲಿದ್ದನ್ನಷ್ಟೇ ಕತ್ತರಿಸಿ ತಾಳಕ್ಕೆ ಜೋಡಿಸಿದ್ದರು. ಕೆಳಗೆ ನಲವತ್ತೊಂದು ಮಕ್ಕಳ ನಗು.

"ಗ್ರೂಪ್ ಬಿಟ್ಟರೂ ಮತ್ತೆ ಸೇ-ಸೇರಿಸ್ತಾರೆ."

ರಿಪೇರಿಯಾಕೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ಒಂದನ್ನೂ ಅಳಿಸಬೇಡ. ಅಮ್ಮಂಗೆ ನಾನು ಹೇಳ್ತೀನಿ, ನೀನು ಪಕ್ಕದಲ್ಲಿ ಕೂತಿರು ಸಾಕು," ಎಂದಳು. ಹುಡುಗಿ ತಲೆಯಾಡಿಸಿದ ಮೇಲೆ ಒಂದೊಂದು ಮೆಸೇಜನ್ನೂ ತಾರೀಖಿನ ಸಮೇತ ಫೋಟೊ ಹಿಡಿದು ಪ್ರಿಂಟ್ ತೆಗೆಸಿದಳು.

ಸಂಜೆ ಅದನ್ನೆಲ್ಲ ಓದಿದ ತಾಯಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಮೂರು ಸಲವೂ ಇವಳಿಗೇ ಬೈದೆನಲ್ಲ."

ಮರುದಿನ ತಾಯಿ, ರಿಪೇರಿಯಾಕೆ ಇಬ್ಬರೂ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಎರಡು ಹಾಳೆ ತಿರುವಿ ಪಕ್ಕಕ್ಕಿಟ್ಟರು. "ಮಕ್ಕಳಾಟ. ಅದೂ ಶಾಲೆ ಬಿಟ್ಟ ಮೇಲೆ ನಡೆದದ್ದು. ಇವಳ ಫೋನ್ ತೆಗೆದಿಟ್ಟುಬಿಡಿ, ಸರಿಹೋಗುತ್ತೆ."

"ಕಳ್ಳ ನುಗ್ಗಿದ ಅಂತ ಮನೆಯನ್ನೇ ಕೆಡವೋಕೆ ಹೇಳ್ತೀರಲ್ಲ ಮೇಡಂ," ಎಂದಳು ರಿಪೇರಿಯಾಕೆ. ವಿಡಿಯೊ ಮಾಡಿದ ಹುಡುಗನ ತಂದೆಯನ್ನು ಕರೆಸುವವರೆಗೂ ಇಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.

ಆತ ಬಂದವನೇ ನಕ್ಕ. "ತಮಾಷೆಗೆ ಮಾಡಿದಾನೆ, ಬಿಡಿ."

ತಾಯಿ ಹಾಳೆಗಳನ್ನು ಅವನ ಕೈಗಿಟ್ಟಳು. "ಗಟ್ಟಿಯಾಗಿ ಓದಿ ಸಾರ್. ನಾವೂ ನಗ್ತೀವಿ."

ಆತ ಎರಡು ಸಾಲು ಓದಿದ. ಮೂರನೆಯದು, ಅವನ ಮಗನದೇ: 'ನೀನು ಬ-ಬ-ಬದುಕಿ ಯಾರಿಗೆ ಉಪಯೋಗ?' ಅಲ್ಲಿಗೇ ಓದು ನಿಲ್ಲಿಸಿದ. ಹಾಳೆ ಮಡಚಹೋದ.

"ಪೂರ್ತಿ ಓದಿ. ನನ್ನ ಮಗಳು ಪೂರ್ತಿ ಓದಿದಾಳೆ."

ಆ ಕೋಣೆಯಲ್ಲಿ ಆಮೇಲೆ ಯಾರೂ ಮಕ್ಕಳಾಟ ಎನ್ನಲಿಲ್ಲ. ಅಂದೇ ವಿಡಿಯೊ ಹೋಯಿತು, ಗ್ರೂಪು ಮುಚ್ಚಿತು. ಇಂಥದ್ದು ಕಂಡರೆ ಮಕ್ಕಳು ಬಂದು ಹೇಳಲೆಂದು ಒಬ್ಬ ಟೀಚರನ್ನು ಗೊತ್ತುಮಾಡಿದರು. ಆದರೆ ನಲವತ್ತೊಂದು ಮಂದಿಯಲ್ಲಿ ಕ್ಷಮೆ ಕೇಳಿದವರು ಇಬ್ಬರೇ.

ಕೆಲವು ವಾರಗಳ ಮೇಲೆ ಅದೇ ತರಗತಿಯ ಇನ್ನೊಬ್ಬ ಹುಡುಗಿ ಅಂಗಡಿಗೆ ಬಂದಳು. "ಆಂಟಿ, ಈಗ ಬೇರೊಬ್ಬನ ಮೇಲೆ ಗ್ರೂಪ್ ಮಾಡಿದಾರೆ. ಯಾರಿಗೂ ಗೊತ್ತಾಗದ ಹಾಗೆ ಬಿಡೋದು ಹೇಗೆ?"

"ಗೊತ್ತಾಗೋ ಹಾಗೇ ಬಿಡು. ಯಾಕೆ ಅಂತ ಬರೆದು ಬಿಡು. ಆಮೇಲೆ ನಿಮ್ಮ ಟೀಚರಿಗೆ ಹೇಳು."

ಹುಡುಗಿ ಎರಡು ಸಲ ಬರೆದು ಅಳಿಸಿ, ಕೊನೆಗೆ ಕಾರಣ ಬರೆದೇ ಗ್ರೂಪ್ ಬಿಟ್ಟಳು. ರಾತ್ರಿಯೊಳಗೆ ಇನ್ನೂ ಏಳು ಮಂದಿ ಬಿಟ್ಟರಂತೆ. ಉಳಿದವರ ಮೇಲಿನ ಸಿಟ್ಟು ರಿಪೇರಿಯಾಕೆಗೆ ಇನ್ನೂ ಇಳಿದಿಲ್ಲ.