ಮುಕ್ಕು ಹಲ್ಲಿನ ಗುರುತು

ಹಲ್ಲಿಗೆ ಟೋಪಿ ಹಾಕಿಸಿಕೊಳ್ಳಬೇಕು ಅಂದಾಗ ಪಕ್ಕದ ಮನೆಯ ಸಿಸ್ಟರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೋಪಿ ಹಾಕಿಸಿಕೊಂಡೆ ಅಂತ ಯಾರಾದರೂ ತಾವೇ ಹೇಳಿಕೊಂಡು ತಿರುಗುತ್ತಾರಾ ಅಂದರು. ಅವರು ನಿವೃತ್ತ ನರ್ಸು, ಮಾತೂ ಜೋರು, ನಗುವೂ ಜೋರು. ಡಾಕ್ಟರಮ್ಮ ಅದನ್ನು ಕ್ಯಾಪ್ ಅಂದಿದ್ದರು. ಕ್ಯಾಪ್ ಅಂದರೆ ಟೋಪಿಯೇ ತಾನೆ. ಅವತ್ತು ನಾನೂ ಅವರ ಜೊತೆ ನಕ್ಕೆ.

ನನ್ನದು ಬಟ್ಟೆ ಆಲ್ಟರೇಷನ್ ಕೆಲಸ. ಹೊಸದೇನೂ ಹೊಲಿಯುವುದಿಲ್ಲ. ಉದ್ದ ಇದ್ದದ್ದನ್ನು ಗಿಡ್ಡ ಮಾಡುತ್ತೇನೆ, ಬಿಗಿ ಇದ್ದದ್ದನ್ನು ಬಿಡಿಸುತ್ತೇನೆ, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಮಿಷನ್ನು, ಮಿಷನ್ನಿನ ಪಕ್ಕ ಅಮ್ಮನ ಕುರ್ಚಿ. ಮನೆಯಲ್ಲಿ ನಾವಿಬ್ಬರೇ. ಬಂದ ಗಿರಾಕಿಗಳು ಅಮ್ಮನನ್ನು ಮಾತಾಡಿಸಿದರೆ ಅಮ್ಮ ದೊಡ್ಡ ಮನೆಯ ಯಜಮಾನಿಯ ಹಾಗೆ ತಲೆ ಆಡಿಸುತ್ತಾಳೆ. ಅವರು ಯಾರು, ಯಾಕೆ ಬಂದರು, ಒಂದೂ ಅವಳಿಗೆ ಗೊತ್ತಿರುವುದಿಲ್ಲ.

ಹಲ್ಲಿನ ಕತೆ ಬಹಳ ಹಳೆಯದು. ನಾನು ಚಿಕ್ಕವಳಿದ್ದಾಗ ಹಿತ್ತಿಲಿನ ನಲ್ಲಿಗೆ ನೇರವಾಗಿ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದೆ. ಲೋಟ ತಗೋ ಅಂತ ಅಮ್ಮ ಎಷ್ಟು ಹೇಳಿದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಒಂದು ದಿನ ಅವಳು ಸದ್ದಿಲ್ಲದೆ ಹಿಂದಿನಿಂದ ಬಂದು ತಲೆಗೊಂದು ಮೊಟಕಿದಳು. ಮೊಟಕಿದ್ದು ಮೆಲ್ಲಗೇ. ಆದರೆ ನಲ್ಲಿ ಹಿತ್ತಾಳೆಯದು. ಮೇಲಿನ ಸಾಲಿನ ಮುಂಭಾಗದ ಹಲ್ಲಿನ ಮೂಲೆ ಹಾರಿ ಮುಕ್ಕಾಯಿತು. ಅವತ್ತಿನಿಂದ ನಾನು ಮುಕ್ಕಿ. ಹೊಸಬರು ಕೇಳಿದರೆ, ಊಟ ಮುಕ್ಕುವುದಕ್ಕೆ ಆ ಹೆಸರು ಬಂತೆಂದು ತಿಳಿಯುತ್ತಾರೆ. ನನ್ನ ಮೈ ನೋಡಿದರೆ ಅವರನ್ನೂ ದೂರುವ ಹಾಗಿಲ್ಲ.

ಅಮ್ಮನಿಗೆ ಅದೊಂದು ಮುಳ್ಳು. 'ನಾನು ಸಾಯೋದ್ರೊಳಗೆ ಆ ಹಲ್ಲೊಂದು ಸರಿ ಮಾಡಿಸ್ಕೊಳ್ಳೇ' ಅಂತ ಹೇಳುತ್ತಲೇ ಇದ್ದಳು. ನನಗೆ ಅದರಿಂದ ತೊಂದರೆ ಇರಲಿಲ್ಲ, ಉಪಕಾರವೇ ಇತ್ತು. ಟೈಲರ ಕತ್ತರಿ ಬೇಕಾದಾಗ ಯಾವತ್ತೂ ಬಟ್ಟೆಯ ಅಡಿಯಲ್ಲೇ ಇರುತ್ತದೆ. ದಾರವನ್ನು ಆ ಮುಕ್ಕಿನಲ್ಲಿ ಸಿಕ್ಕಿಸಿ ಒಂದು ಸಲ ಎಳೆದರೆ ಪಟ್ ಅಂತ ತುಂಡಾಗುತ್ತಿತ್ತು. ಹಾಗೆ ಜೀವಮಾನವೆಲ್ಲ ದಾರ ಕಡಿದು ಕಡಿದು ಹಲ್ಲು ಒಳಗೇ ಬಿರುಕು ಬಿಟ್ಟಿತು. ಒಂದು ವಾರ ಮುಖ ಊದಿಕೊಂಡು, ಹಲ್ಲು ಕಚ್ಚಿ ತಡೆದುಕೊಳ್ಳೋಣವೆಂದರೆ ಕಚ್ಚುವುದಕ್ಕೇ ಹಲ್ಲಿಲ್ಲದ ಸ್ಥಿತಿಗೆ ಬಂದು, ಕೊನೆಗೆ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಬೇರು ಸ್ವಚ್ಛ ಮಾಡಿ ಮುಚ್ಚಿದ ಮೇಲೆ ಹೇಳಿದರು, "ಇನ್ನು ಈ ಹಲ್ಲಲ್ಲಿ ಜೀವ ಇಲ್ಲ. ಹೀಗೇ ಬಿಟ್ರೆ ಬುಡಕ್ಕೇ ಮುರಿಯುತ್ತೆ. ಸುತ್ತ ಉಜ್ಜಿ ಸಣ್ಣ ಮಾಡಿ ಮೇಲೊಂದು ಕ್ಯಾಪ್ ಕೂರಿಸ್ತೀನಿ. ಮುಕ್ಕೂ ಹೋಗುತ್ತೆ. ಬನ್ನಿ, ಅಳತೆ ತಗೋತೀನಿ."

"ಟ್ರಯಲ್ಲೂ ಇರುತ್ತಾ?" ಅಂತ ಕೇಳಿದೆ.

"ಇರುತ್ತೆ. ಅಲ್ಲೀವರೆಗೂ ಒಂದು ಟೆಂಪರರಿ ಕ್ಯಾಪ್ ಹಾಕಿರ್ತೀನಿ."

ಎಲ್ಲಾ ನಮ್ಮ ಕಸುಬಿನ ಹಾಗೇ ಇದೆಯಲ್ಲ ಅಂದುಕೊಂಡೆ. ಮೆತ್ತಗಿನ ಹಿಟ್ಟಿನಂಥದ್ದನ್ನು ಬಾಯಿಗೆ ಒತ್ತಿ, ಮುಕ್ಕು ಹಲ್ಲು ಇದ್ದ ಹಾಗೇ ಒಂದು ಅಚ್ಚು ತೆಗೆದರು, ಉಜ್ಜಿದ ಮೇಲೆ ಇನ್ನೊಂದು. ನಾವು ಬಟನ್ನಿಗೆ ಬಣ್ಣ ಹೊಂದಿಸುವ ಹಾಗೆ ಪಕ್ಕದ ಹಲ್ಲಿಗೆ ಬಣ್ಣ ಹೊಂದಿಸಿದರು. ನನ್ನ ಎಣಿಕೆಯೆಲ್ಲ ಅಮ್ಮನ ಕಡೆಗೇ ಇತ್ತು. ಇಷ್ಟು ವರ್ಷ ಬೇಡಿಕೊಂಡವಳು, ಇವತ್ತು ಹಲ್ಲು ನೋಡಿ ಹಗುರಾಗುತ್ತಾಳೆ ಅಂದುಕೊಂಡಿದ್ದೆ.

ಅಮ್ಮನ ವಿಷಯ ಇಲ್ಲಿ ಹೇಳಲೇಬೇಕು. ಅವಳ ಮರೆವು ಮೊದಲು ಉಪ್ಪಿನಿಂದ ಶುರುವಾಯಿತು. ಆಮೇಲೆ ಬೀದಿ ಮರೆತುಹೋಯಿತು, ಆಮೇಲೆ ಅಪ್ಪ ತೀರಿಹೋದದ್ದು ಮರೆತುಹೋಯಿತು. ಅಪ್ಪ ಯಾಕೆ ಇನ್ನೂ ಬರಲಿಲ್ಲ ಅಂತ ಕೇಳುವಳು, ಬರ್ತಾರೆ ಅನ್ನುತ್ತಿದ್ದೆ. ಒಂದೆಳೆ ಬಿಟ್ಟುಕೊಂಡ ಹೊಲಿಗೆ ಆಮೇಲೆ ಯಾರ ಮಾತೂ ಕೇಳುವುದಿಲ್ಲ. ಒಂದು ದಿನ ನನ್ನ ಮುಖವೂ ಹೋಯಿತು. ಆದರೆ ಹಲ್ಲು ಹೋಗಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ದಿಟ್ಟಿಸಿ ನೋಡಿ, "ಯಾರು?" ಅನ್ನುವಳು. ನಾನು ಹಲ್ಲು ಕಿರಿಯುತ್ತಿದ್ದೆ. ಅವಳು ಹೆಬ್ಬೆರಳು ತಂದು ಆ ಮುಕ್ಕಿನ ಮೇಲೆ ಇಟ್ಟು ನಿಧಾನವಾಗಿ ಸವರುವಳು.

"ಅಯ್ಯೋ, ಮುಕ್ಕಿ. ನಾನೇ ಅಲ್ವೇನೇ ಇದನ್ನ ಮಾಡಿದ್ದು."

"ಹೂಂ, ನೀನೇ. ತಪ್ಪಾಯ್ತು ಅನ್ನು."

"ತಪ್ಪಾಯ್ತು ಕಣೇ."

"ಆಯ್ತು, ಬಾಯಿ ತೆಗಿ." ಆಗ ಅವಳು ಬಾಯಿ ತೆರೆದು ತುತ್ತು ತೆಗೆದುಕೊಳ್ಳುತ್ತಿದ್ದಳು. ಸ್ನಾನಕ್ಕೆ ಏಳುತ್ತಿದ್ದಳು. ನಮ್ಮ ದಿನದ ಬೀಗದ ಕೈ ಅದು. ದಿನವೂ ತಿರುಗುತ್ತಿದ್ದ ಕಾರಣ ಅದು ಬೀಗದ ಕೈ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಟೆಂಪರರಿ ಕ್ಯಾಪ್ ಹಾಕಿಸಿಕೊಂಡು ಮನೆಗೆ ಬಂದಾಗ ಸಿಸ್ಟರಕ್ಕ ಅಮ್ಮನ ಉಗುರು ಕತ್ತರಿಸುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಲ್ಲು ಕಿರಿದೆ. "ನೋಡಮ್ಮ. ಸರಿಯಾಯ್ತು."

ಅಮ್ಮ ನೋಡಿದಳು. ಹೆಬ್ಬೆರಳು ತಂದಳು. ಬೆರಳು ಈ ಹಲ್ಲಿನಿಂದ ಆ ಹಲ್ಲಿಗೆ ಹೋಗಿ, ಎಲ್ಲೂ ನಿಲ್ಲದೆ ಜಾರಿ ವಾಪಸು ಮಡಿಲಿಗೆ ಹೋಯಿತು.

"ಚೆನ್ನಾಗಿದೆ. ನಿಮ್ಮ ಹಲ್ಲು ಸಾಲಾಗಿ ಚೆನ್ನಾಗಿವೆ," ಅಂದಳು. "ನನ್ನ ಮಗಳದ್ದು ಮುಕ್ಕು. ನಾನೇ ಮಾಡಿದ್ದು."

ನನ್ನ ಜನ್ಮದಲ್ಲಿ ಅಮ್ಮ ನನಗೆ ಬೈದಿದ್ದಾಳೆ, ಹೊಡೆದಿದ್ದಾಳೆ, ವಾರಗಟ್ಟಲೆ ಮಾತು ಬಿಟ್ಟಿದ್ದಾಳೆ. ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಅಳಿಸಿರಲಿಲ್ಲ. ಸಿಸ್ಟರಕ್ಕ ಉಗುರಿನ ಚೂರುಗಳನ್ನು ಕಾಗದದಲ್ಲಿ ಮಡಚುತ್ತಾ ತಲೆ ತಗ್ಗಿಸಿದರು.

"ನಾನೇ ಅಮ್ಮ, ಮುಕ್ಕಿ. ಹಲ್ಲು ಸರಿ ಮಾಡಿಸ್ಕೊಂಡೆ. ನೀನೇ ಹೇಳಿದ್ದಲ್ವಾ?"

"ಹೌದಾ, ಅವಳು ಸರಿ ಮಾಡಿಸ್ಕೊಂಡ್ಲಾ?" ಅಮ್ಮನ ಮುಖ ಅರಳಿತು. "ನಿಮಗೆ ಹೇಳಿದ್ಲಾ? ಎಲ್ಲಿದ್ದಾಳೆ?"

ಅವತ್ತಿನಿಂದ ಅವಳು ನನ್ನ ಕೈತುತ್ತು ತಿನ್ನಲಿಲ್ಲ. ತಟ್ಟೆ ಹಿಡಿದರೆ, "ನಿಮಗ್ಯಾಕೆ ತೊಂದರೆ, ನನ್ನ ಮಗಳು ಬರ್ತಾಳೆ," ಅಂತ ಮುಖ ತಿರುಗಿಸುವಳು. ನಾನು ಪಕ್ಕಕ್ಕಿಟ್ಟು ಮರೆಯಾದರೆ ಒಂದಿಷ್ಟು ಕೆದಕಿ ಬಿಡುವಳು. ಸ್ನಾನಕ್ಕೆ ಕರೆದುಕೊಂಡು ಹೋದಾಗ ಬಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತಳು. ಗೊತ್ತಿಲ್ಲದ ಹೆಂಗಸಿನ ಮುಂದೆ ಬಟ್ಟೆ ಬಿಚ್ಚುವುದಕ್ಕೆ ಅವಳಿಗೆ ನಾಚಿಕೆ. ನನಗೆ ಸಿಟ್ಟು ಬಂತು, ಬಟ್ಟೆ ಎಳೆದೆ. ಅವಳು ಅತ್ತಳು. ನಾನು ಬಚ್ಚಲ ಬಾಗಿಲಿನ ಹೊರಗೆ ಕೂತು ಅತ್ತೆ. ಸ್ನಾನ ಸಿಸ್ಟರಕ್ಕನ ಪಾಲಿಗೆ ಬಂತು. ಅಮ್ಮನಿಗೆ ಅವರು ಯಾರೆಂದು ಮೊದಲೂ ಗೊತ್ತಿರಲಿಲ್ಲ, ಆದರೆ ಅವರ ದನಿಗೆ ಹೆದರಿ ಸುಮ್ಮನಿರುತ್ತಿದ್ದಳು.

ಅಮ್ಮ ತೆಳ್ಳಗಾಗುತ್ತಾ ಬಂದಳು. ಅವಳ ಸಡಿಲವಾದ ಮೇಲಂಗಿಯನ್ನು ಬಿಗಿ ಮಾಡುತ್ತಾ ಕೂತಿದ್ದಾಗ ನನಗೆ ಎಲ್ಲ ಅರ್ಥವಾಯಿತು. ಅವಳು ಎಲ್ಲವನ್ನೂ ಕಳೆದುಕೊಂಡರೂ ತನ್ನ ತಪ್ಪನ್ನು ಮಾತ್ರ ಬಿಟ್ಟಿರಲಿಲ್ಲ. ಆ ತಪ್ಪನ್ನು ಹಿಡಿದುಕೊಂಡೇ ದಿನಾ ನನ್ನ ಹತ್ತಿರ ಬರುತ್ತಿದ್ದಳು. ನಾನು ಹೋಗಿ ಅದನ್ನು ರಿಪೇರಿ ಮಾಡಿಸಿಕೊಂಡು ಬಂದಿದ್ದೆ.

ಟ್ರಯಲ್ ದಿನ ಡಾಕ್ಟರಮ್ಮ ಡಬ್ಬಿ ತೆರೆದು ಹೊಸ ಕ್ಯಾಪನ್ನು ತೋರಿಸಿದರು. ನಿಜವಾಗಿ ಚೆನ್ನಾಗಿತ್ತು. ನನ್ನ ಬಾಯಿಯಲ್ಲಿ ಅಷ್ಟು ಲಕ್ಷಣವಾದದ್ದು ಇನ್ನೇನೂ ಇರಲಿಲ್ಲ.

"ಡಾಕ್ಟರೇ, ಇದರ ಮೂಲೆ ಮುರಿದುಕೊಡಿ," ಅಂದೆ.

ಅವರು ಬಾಯಿಯ ಮಾಸ್ಕ್ ಕೆಳಗಿಳಿಸಿದರು. "ಏನಂದ್ರಿ?"

"ಮೊದಲಿನ ಹಾಗೆ ಮುಕ್ಕು ಮಾಡಿಕೊಡಿ. ಹೊಲಿದ ಬಟ್ಟೆಯನ್ನ ನಾವು ಬಿಚ್ಚೋದಿಲ್ವಾ, ಹಾಗೆ."

"ನಾನು ಓದಿದ್ದು ಮುರಿದದ್ದನ್ನ ಸರಿ ಮಾಡೋದಕ್ಕೆ, ಸರಿ ಇರೋದನ್ನ ಮುರಿಯೋದಕ್ಕಲ್ಲ," ಅಂತ ನಗುತ್ತಾ ಹೇಳಿದರು. ನಾನು ನಗಲಿಲ್ಲ. ಅಮ್ಮನ ವಿಷಯ ಪೂರ್ತಿ ಹೇಳಿದೆ, ಬಚ್ಚಲ ಮನೆಯದೂ ಸೇರಿಸಿ. ಅದನ್ನು ಹೇಳುವಾಗ ಆ ಆರಾಮ ಕುರ್ಚಿಯಲ್ಲಿ ಮಲಗಿಕೊಂಡೇ ಇದ್ದೆ, ಕಣ್ಣೀರು ಎರಡೂ ಕಿವಿಗೆ ಇಳಿಯಿತು. ಡಾಕ್ಟರಮ್ಮ ಅದನ್ನು ಹತ್ತಿಯಲ್ಲಿ ಒರೆಸಿದರು. ಆಮೇಲೆ ಒಳಗೆ ಹೋಗಿ ಮೊದಲ ದಿನ ತೆಗೆದಿದ್ದ ಅಚ್ಚನ್ನು ತಂದರು. ಬಿಳೀ ಗಟ್ಟಿ ಪ್ಲಾಸ್ಟರಿನಲ್ಲಿ ನನ್ನ ಹಳೇ ಬಾಯಿ, ಮುಕ್ಕು ಸಮೇತ.

ಅದನ್ನು ನೋಡಿಕೊಂಡು ಅವರು ಹೊಸ ಕ್ಯಾಪಿನ ಮೂಲೆಯನ್ನು ಸಣ್ಣ ಕಲ್ಲಿನಲ್ಲಿ ಉಜ್ಜಿದರು. ನಡುವೆ ನನ್ನ ಬಾಯಲ್ಲಿಟ್ಟು ನೋಡುವರು, ಮತ್ತೆ ಉಜ್ಜುವರು. ನಾನು ಅಂಗಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯ ದಾರ ಬಿಡಿಸಿ ಮುಕ್ಕಿಗೆ ಇಟ್ಟು ನೋಡಿದೆ. ದಾರ ಅಲ್ಲಿ ಕೂತಿತು.

"ಕಡಿಯೋದು ಮಾತ್ರ ಬೇಡ," ಅಂದರು ಡಾಕ್ಟರಮ್ಮ. "ಪ್ರಮಾಣ ಮಾಡಿ."

ಪ್ರಮಾಣ ಮಾಡಿದೆ. ಕ್ಯಾಪನ್ನು ಅಂಟಿಸಿದರು. ದಾರಿಯುದ್ದಕ್ಕೂ ನಾಲಗೆಯ ತುದಿ ಅಲ್ಲೇ ಇತ್ತು. ಬಹಳ ದಿನದ ಮೇಲೆ ನನ್ನ ಬಾಯಿ ನನ್ನದಾಗಿತ್ತು. ಬಸ್ಸಿನಲ್ಲಿ ಎದುರಿಗೆ ಕೂತ ಮಗುವಿಗೆ ಹಲ್ಲು ಕಿರಿದೆ. ಅದು ತಾಯಿಯ ತೋಳಿನಲ್ಲಿ ಮುಖ ಮರೆಸಿಕೊಂಡಿತು.

ನಾನು ಬಂದದ್ದೇ ಸಿಸ್ಟರಕ್ಕ ತಮ್ಮ ಮನೆಗೆ ಹೋದರು. ಅಮ್ಮ ಕುರ್ಚಿಯಲ್ಲಿದ್ದಳು. ಕಿಟಕಿಯ ಬಿಸಿಲು ಅವಳ ಕಾಲಿನವರೆಗೂ ಬಂದಿತ್ತು. ನಾನು ಎದುರಿಗೆ ಕೂತು ಹಲ್ಲು ತೋರಿಸಿದೆ. ಅಮ್ಮನ ಹೆಬ್ಬೆರಳು ಬಂತು. ಮುಕ್ಕಿನ ಹತ್ತಿರ ಬಂದು ನಿಂತಿತು. ಆ ಕಡೆಯಿಂದ ಈ ಕಡೆಗೆ ಒಂದು ಸಲ ಸವರಿತು, ಇನ್ನೊಂದು ಸಲ ಸವರಿತು.

"ಅಯ್ಯೋ," ಅಂದಳು.

"ನಿಮಗೂ ಹೀಗೇ ಆಗಿದೆಯಾ? ಯಾರು ಮಾಡಿದ್ದು?"

ಅಮ್ಮನೇ ಮುಂದುವರಿಸಿದಳು. ಅಂಗಡಿಗೆ ಬಂದ ಒಬ್ಬ ಒಳ್ಳೆಯ ಹೆಂಗಸಿನ ಹತ್ತಿರ ಸುಖದುಃಖ ಹೇಳಿಕೊಳ್ಳುವ ಹಾಗೆ ಹೇಳಿದಳು. "ನನ್ನ ಮಗಳಿಗೂ ಹೀಗೇ ಇತ್ತು. ಈಗ ಸರಿ ಮಾಡಿಸ್ಕೊಂಡಿದ್ದಾಳಂತೆ. ಯಾರೋ ಹೇಳಿದ್ರು. ಹಲ್ಲು ಸರಿ ಹೋದ ಮೇಲೆ ಅವಳು ಈ ಕಡೆ ಬಂದೇ ಇಲ್ಲ."

"ಬರ್ತಾಳೆ," ಅಂದೆ.

"ಬರ್ತಾಳೆ. ಸಿಟ್ಟಿನವಳು, ಆದ್ರೆ ಬರ್ತಾಳೆ." ನನ್ನ ಗಲ್ಲ ಇನ್ನೂ ಅವಳ ಕೈಯಲ್ಲೇ ಇತ್ತು. "ನಿಮಗೆ ಅಮ್ಮ ಇದ್ದಾರಾ?"

"ಇದ್ದಾರೆ."

"ಹಾಗಾದ್ರೆ ಇಲ್ಲಿ ಯಾಕೆ ಕೂತಿದ್ದೀರಿ, ಹೋಗಿ. ಪಾಪ, ದಾರಿ ನೋಡ್ತಿರ್ತಾರೆ."

ಮಾತು ಮೀರಲು ಆಗಲಿಲ್ಲ. ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಮೆಟ್ಟಿಲ ಮೇಲೆ ನಿಂತು ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡೆ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ಏನು ಮಾಡಬೇಕೆಂದು ತಿಳಿಯಲಿಲ್ಲ. ಶಾಲೆಯಿಂದ ಬಂದಾಗ ಕೂಗುತ್ತಿದ್ದ ಹಾಗೆ ಕೂಗಿದೆ.

"ಅಮ್ಮಾ, ನಾನು ಮುಕ್ಕಿ, ಬಂದೆ."

ಒಳಗೆ ಕುರ್ಚಿ ಕಿರುಗುಟ್ಟಿತು. "ಬಂದ್ಲು. ನಾನು ಹೇಳ್ಲಿಲ್ವಾ, ಬಂದೇ ಬರ್ತಾಳೆ ಅಂತ," ಅನ್ನುವ ಅಮ್ಮನ ದನಿ ಕೇಳಿಸಿತು. ಅಷ್ಟು ಖುಷಿಯ ದನಿಯನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ಆಮೇಲೆ ಇಷ್ಟು ಹೊತ್ತು ತನ್ನ ಜೊತೆ ಕೂತಿದ್ದ ಹೆಂಗಸಿಗೆ ಹೇಳಿದಳು, "ನನಗೆ ಏಳೋಕಾಗಲ್ಲಮ್ಮ, ನೀವೇ ಸ್ವಲ್ಪ ಬಾಗಿಲು ತೆಗೀರಿ. ನನ್ನ ಮಗಳು ಹೊರಗೆ ನಿಂತಿದ್ದಾಳೆ."

ಒಳಗೆ ಬೇರೆ ಯಾರೂ ಇರಲಿಲ್ಲ. ನಾನೇ ಬಾಗಿಲು ತೆಗೆದು ಒಳಗೆ ಹೋದೆ.