ಬಕೆಟ್ಟಿನಲ್ಲಿ ಹುಟ್ಟಿದ್ದು

ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ ಬಂದಾಗ ಟೀಚರಮ್ಮ ಏಳನೇ ತರಗತಿಯಲ್ಲಿ ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಕಾಗದದ ಮೇಲೆ ಕಲಸುತ್ತಿದ್ದಳು. ಬರೀ ಕಲಸಿದರೆ ಮಿಶ್ರಣ, ಅಯಸ್ಕಾಂತ ಹಿಡಿದರೆ ಕಬ್ಬಿಣ ತನ್ನ ಪಾಡಿಗೆ ಎದ್ದು ಬರುತ್ತದೆ. ಕಾಯಿಸಿದರೆ ಸಂಯುಕ್ತ, ಅದು ಮೂರನೆಯದೇ ವಸ್ತು, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ಅರ್ಧಕ್ಕೇ ಬಿಟ್ಟು ಓಡಿದಳು.

ತಂಗಿಯ ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ಕಣ್ಣು ಕೆಂಡದಂತಾಗಿತ್ತು. ಒಂಬತ್ತು ಮಹಡಿಯ ಕಚೇರಿ ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ಅವಳದು ನೆಲ ಒರೆಸುವ, ಶೌಚಾಲಯ ತೊಳೆಯುವ ಕೆಲಸ. ಅಲ್ಲೇ ಲಿಫ್ಟ್ ನಡೆಸುತ್ತಿದ್ದ ಅವಳ ಗಂಡ ಗೋಡೆಗೊರಗಿ ನಿಂತಿದ್ದ.

"ಸಾಹೇಬರು ಬರ್ತಾರೆ ಅಂತ ಆತುರಪ್ಪಂಗೆ ಅವಸರ," ಎಂದ ಅವನು. ಸೂಪರ್‌ವೈಸರನನ್ನು ಹಿಂದಿನಿಂದ ಎಲ್ಲರೂ ಕರೆಯುತ್ತಿದ್ದುದೇ ಹಾಗೆ. "ಶೌಚಾಲಯದ ಕಲೆ ಹೋಗ್ಲಿಲ್ಲ. ಬ್ಲೀಚನ್ನೂ ಗಾಜು ಒರೆಸೋ ನೀರನ್ನೂ ಒಂದೇ ಬಕೆಟ್ಟಿಗೆ ಸುರಿ, ಎರಡರಷ್ಟು ಕೆಲಸ ಆಗತ್ತೆ ಅಂದ. ಸುರಿದ್ಲು. ಅಲ್ಲಿ ಕಿಟಕಿ ತೆಗೆಯೋಕೆ ಬರಲ್ಲ ಅಕ್ಕ, ಮೊಳೆ ಹೊಡೆದುಬಿಟ್ಟಿದಾರೆ."

"ಆ ಗಾಜಿನ ನೀರು ಮೂಗಿಗೆ ಹೊಡೆಯೋ ವಾಸನೇದಾ?"

"ಹೂಂ. ಕಣ್ಣಲ್ಲಿ ನೀರು ಬರೋ ಅಂಥದ್ದು."

ಅಮೋನಿಯಾ. ಟೀಚರಮ್ಮ ಸ್ಟೂಲು ಎಳೆದುಕೊಂಡು ತಂಗಿಯ ಪಕ್ಕ ಕೂತಳು.

ಹದಿನಾಲ್ಕು ದಿನದ ಮೇಲೆ ತಂಗಿ ಮನೆಗೆ ಬಂದಳು. ಜೀವ ಉಳಿಯಿತು, ಉಸಿರು ಮೊದಲಿನಂತಾಗಲಿಲ್ಲ. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಕಾಯಬೇಕು. ಅಷ್ಟರಲ್ಲಿ ಕಟ್ಟಡದವರ ವರದಿ ತಯಾರಾಗಿದೆ ಎಂದು ತಿಳಿದು ಟೀಚರಮ್ಮ ರಜೆ ಹಾಕಿ ಮ್ಯಾನೇಜರನ ಕೋಣೆಗೆ ಹೋದಳು.

"ಎರಡೂ ಬಾಟಲಿ ಪರೀಕ್ಷೆ ಮಾಡಿಸಿದೀವಿ ಮೇಡಂ," ಎಂದ ಮ್ಯಾನೇಜರ್. "ಎರಡೂ ಸುರಕ್ಷಿತ. ಸುರಕ್ಷಿತವಾದ ಎರಡನ್ನ ಮಿಶ್ರಣ ಮಾಡಿದ್ರೆ ಅಪಾಯ ಎಲ್ಲಿಂದ ಬರತ್ತೆ? ನಿಮ್ಮ ತಂಗಿಗೆ ಮೊದಲೇ ಉಬ್ಬಸ ಇದ್ದಿರಬೇಕು."

"ಅದು ಮಿಶ್ರಣ ಅಲ್ಲ ಸಾರ್. ನೀರಿಗೆ ಸಕ್ಕರೆ ಹಾಕಿದ್ರೆ ಮಿಶ್ರಣ, ನೀರೂ ಇರತ್ತೆ ಸಕ್ಕರೇನೂ ಇರತ್ತೆ. ಇವೆರಡು ಸೇರಿದ್ರೆ ಒಂದನ್ನೊಂದು ತಿಂದು ಬೇರೆ ಸಂಯುಕ್ತವೇ ಹುಟ್ಟತ್ತೆ. ಕ್ಲೋರಮೀನ್ ಅಂತ, ವಿಷದ ಗಾಳಿ. ಬಾಟಲಿಗಳನ್ನ ಬೇರೆಬೇರೆ ಪರೀಕ್ಷೆ ಮಾಡಿದ್ರೆ ಅದು ಎಲ್ಲಿ ಸಿಗತ್ತೆ? ಅದು ಬಾಟಲೀಲಿ ಇರಲೇ ಇಲ್ಲ."

"ವಿಜ್ಞಾನದಲ್ಲಿ ನನಗೆ ಬಂದಿದ್ದು ಮೂವತ್ತೈದು ಮೇಡಂ, ಅದೂ ಮೇಷ್ಟ್ರ ಕೃಪೆ," ಎಂದು ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಖಾನೆಯಿಂದ ಒಂದು ಹಾಳೆ ತೆಗೆದ. "ಹುಟ್ಟಿತು ಅಂತಲೇ ಇಟ್ಕೊಳ್ಳೋಣ. ಹುಟ್ಟಿಸಿದ್ದು ಯಾರು?"

ಯಾರೂ ಹೇಳದೆ ನನ್ನ ಇಷ್ಟದಿಂದಲೇ ಎರಡನ್ನೂ ಸೇರಿಸಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ತಂಗಿಯ ಸಹಿ. ಆ ಸಹಿಯನ್ನು ಕೈಹಿಡಿದು ಕಲಿಸಿದವಳು ಟೀಚರಮ್ಮನೇ. ಅಪ್ಪ ತೀರಿಕೊಂಡ ವರ್ಷ ತಂಗಿ ಶಾಲೆ ಬಿಟ್ಟು ನಾಲ್ಕು ಮನೆಯ ಪಾತ್ರೆ ತಿಕ್ಕಿದ್ದರಿಂದ ಅಕ್ಕ ಓದಿದ್ದಳು.

ಅಲ್ಲಿಂದ ನೇರ ತಂಗಿಯ ಮನೆಗೆ ಬಂದಳು. ತಂಗಿ ಹಾಸಿಗೆಯ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು.

"ಯಾಕೆ ಸಹಿ ಹಾಕ್ದೆ?"

"ಇವರ ಕೆಲಸ ಉಳೀಬೇಕಲ್ಲ. ಇಬ್ಬರದೂ ಹೋದ್ರೆ ಗತಿಯೇನು?"

"ನಂಗೊಂದು ಮಾತು ಹೇಳಬಾರದಿತ್ತಾ?"

ತಂಗಿ ಉಸಿರು ತೆಗೆದುಕೊಂಡಳು. ಜಗಳದ ದನಿಯೇ ಅಲ್ಲ. "ಯಾವುದಕ್ಕೆ ಯಾವುದು ಸೇರಿದ್ರೆ ಏನಾಗತ್ತೆ ಅಂತ ಊರ ಮಕ್ಕಳಿಗೆಲ್ಲ ಹೇಳಿದೀಯ. ಹನ್ನೊಂದು ವರ್ಷದಿಂದ ನಾನು ಆ ಬಾಟಲಿ ಹಿಡೀತಿದೀನಿ. ನಂಗೆ ಯಾವತ್ತಾದ್ರೂ ಹೇಳಿದ್ಯಾ ಅಕ್ಕ?"

ತಂಗಿ ಇನ್ನೊಂದು ಅಂಗಿ ಮಡಚಿಟ್ಟಳು.

ಕಾರ್ಮಿಕ ಇಲಾಖೆಗೆ ದೂರು ಕೊಡೋಣವೆಂದರೆ ತಂಗಿಯೇ ಬಂದು ಹೇಳಿಕೆ ಕೊಡಬೇಕಿತ್ತು. ಅವಳು ಒಲ್ಲೆ ಎಂದಳು. ಆತುರಪ್ಪನನ್ನು ಇದಕ್ಕಿಂತ ದೊಡ್ಡ ಕಟ್ಟಡಕ್ಕೆ ಕಳಿಸಿದರು, ಸಂಬಳವೂ ಏರಿತಂತೆ. ಮೂರು ತಿಂಗಳಿಗೆ ಹಳೆಯ ಲಿಫ್ಟ್ ತೆಗೆದು, ಒಳಗೆ ಹೋದವರೇ ಗುಂಡಿ ಒತ್ತಿಕೊಳ್ಳುವ ಹೊಸದನ್ನು ಹಾಕಿದರು. ತಂಗಿಯ ಗಂಡ ಬರಿಗೈಲಿ ಮನೆಗೆ ಬಂದ.

ಒಂದು ಸಂಜೆ ಟೀಚರಮ್ಮ ಆ ಕಟ್ಟಡದ ಹಿಂಬಾಗಿಲ ಹತ್ತಿರ ಹೋಗಿ ನಿಂತಳು. ಕಾವಲುಗಾರ ಒಳಗೆ ಬಿಡಲಿಲ್ಲ. ಕೆಲಸ ಮುಗಿಸಿ ಹೊರಬಂದ ಹೆಂಗಸರನ್ನೇ ಒಬ್ಬೊಬ್ಬರಾಗಿ ನಿಲ್ಲಿಸಿ, ಯಾವ ಎರಡು ಬಾಟಲಿ ಸೇರಬಾರದೆಂದು ಬಿಡಿಸಿ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಕೊನೆಗೆ ಅವರಲ್ಲೊಬ್ಬಳು, ವಯಸ್ಸಾದವಳು, ಕೇಳಿದಳು:

"ಸರಿ ಟೀಚರಮ್ಮ, ಸೇರಿಸಬಾರದು. ಸೇರಿಸು ಅಂತ ಸೂಪರ್‌ವೈಸರೇ ಎದುರಿಗೆ ನಿಂತು ಹೇಳಿದ್ರೆ ಏನ್ ಮಾಡೋದು?"

ಅಷ್ಟರಲ್ಲಿ ಬಸ್ಸು ಬಂತು. ಹೆಂಗಸರು ಸೆರಗು ಬಿಗಿದುಕೊಂಡು ಹತ್ತಿ ಹೊರಟುಹೋದರು.